ಗುರುಗಳು ತಮ್ಮ ಕಿವಿಯಲ್ಲಿ ಹೇಳಿಟ್ಟದ್ದನ್ನು ಕೊಡಿಸಿಕೊಡುವ ಬಗ್ಗೆ

ಹೆಮ್ಮಿಗೆಯ ನಮ್ಮ ಮಠದಲ್ಲಿ ದೇವರಿಗೆ ಬಿಟ್ಟ ಬಸವಣ್ಣನಾಗಿ ವಿರಾಜಿಸುತ್ತಿರುವ ಮಾನ್ಯರೇ,

ತಮಗೂ ತಮ್ಮ ಬಾಲದ ನೊಣಗಳಿಗೂ ಸಾಷ್ಟಾಂಗ ನಮಸ್ಕಾರಗಳು. ಇಂಥ ಪತ್ರವನ್ನು 'ಐ ಬೆಗ್ ಟು ಸ್ಟೇಟ್' ಎಂದು ಶುರು ಮಾಡಬೇಕೆಂದು ನಂಜನಗೂಡಿನ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಮುಂದಿನದು ಮರೆತಿರುವುದರಿಂದ ಕನ್ನಡದಲ್ಲೇ, ಊರೆಲ್ಲ ಓದುವಂತೆ, ಬಿನ್ನವಿಸುತ್ತೇನೆ.

ನನ್ನಾಕೆ ನಾಗರತ್ನ ತೀರಿಕೊಂಡ ವರ್ಷ ನಾನು ಮಠ ಸೇರಿದ್ದು ಉಪದೇಶಕ್ಕಾಗಿ. ಸೋಮವಾರ ಬಂದರೆ ಮಲ್ಲಯ್ಯ ಗುರುಗಳ ಮುಂದೆ ಕೈಮುಗಿದು 'ಬುದ್ಧೀ, ಒಂದು ಮಂತ್ರ' ಎನ್ನುವುದು, ಅವರು 'ಉಂಡ್ಯೇನಪ್ಪಾ? ಚಾಮುಂಡಮ್ಮ ಮುದ್ದೆ ಕಟ್ತಾವ್ಳೆ, ಓಗು. ಮಂತ್ರ ಆರಾಕಿಲ್ಲ, ಮುದ್ದೆ ಆರೋಯ್ತದೆ' ಎಂದು ಅಡಿಗೆಮನೆಗೆ ಅಟ್ಟುವುದು, ಇದೇ ಆಯಿತು. ಭಾಷಣಕ್ಕೆ ಕರೆಯಲು ತಿ. ನರಸೀಪುರದಿಂದ ಕಾರು ಬಂದರೆ ಅವರು ತಮ್ಮ ಬೆನ್ನ ಹಿಂದೆ ಅಡಗಿ, 'ಬಸಪ್ಪ ನನ್ಗಿಂತ ಚೆಂದಾಗ್ ತಲೆ ಆಡುಸ್ತಾನೆ, ಅವ್ನ್ನೇ ಕರ್ಕೊಂಡೋಗಿ' ಅನ್ನುತ್ತಿದ್ದುದು ತಮಗೂ ನೆನಪಿರಬಹುದು.

ಅವರು ದೇಹ ಬಿಡುವ ಹಿಂದಿನ ದಿನ, ಕೊನೆಗಾದರೂ ಎಂದು ನಾನು ಮತ್ತೆ ಕೇಳಿದಾಗ, ಅಂಗಳಕ್ಕಿಳಿದು ತಮ್ಮ ಕಿವಿಯಲ್ಲಿ ಏನೋ ಪಿಸುಗುಟ್ಟಿ, 'ನಿನ್ ಉಪದೇಶ ಬಸಪ್ಪನ ತಾವ ಕೊಟ್ಟಿವ್ನಿ, ಇಸ್ಕೊ' ಎಂದು ನಕ್ಕುಬಿಟ್ಟರು.

ಅಂದಿನಿಂದ ತಾವು ಬಾಯಿ ಬಿಡುತ್ತಿರುವುದು ತಿನ್ನುವುದಕ್ಕೆ ಮಾತ್ರ. ಮಧ್ಯಾಹ್ನ ನಾನು ನನ್ನ ಕೋಣೆಯಲ್ಲಿ ಬೇಯಿಸಿಕೊಂಡು ತಟ್ಟೆ ಹಾಕಿಕೊಂಡೊಡನೆ ಬಾಗಿಲಲ್ಲಿ ತಲೆ ತೂರಿಸಿ, ನನ್ನ ರಸಬಾಳೆಯನ್ನು ಸಿಪ್ಪೆ ಸಮೇತ ಸ್ವೀಕರಿಸಿ ಉಪಕರಿಸುತ್ತೀರಿ. ಬರೀ ಕಾಫಿ ಕುಡಿದು ಮಲಗೋಣವೆಂದರೆ ಬೀದಿಗೆಲ್ಲ ಕೇಳುವಂತೆ ಬಾಗಿಲಿಗೆ ಕೊಂಬು ಬಡಿಯುತ್ತೀರಿ; ಎದ್ದು ಒಲೆ ಹಚ್ಚಲೇಬೇಕು. ವಿತ್ ಡ್ಯೂ ರೆಸ್ಪೆಕ್ಟ್, ಇದು ಶಿಷ್ಯನನ್ನು ನಡೆಸಿಕೊಳ್ಳುವ ರೀತಿಯೇ? ಆದ್ದರಿಂದ ಸದರಿ ಮಂತ್ರವನ್ನು ಲಿಖಿತ ಮೂಲಕ, ಗೊರಸಿನ ರುಜು ಸಹಿತ, ಈ ಸೋಮವಾರದೊಳಗೆ ದಯಪಾಲಿಸಬೇಕಾಗಿ ಪ್ರಾರ್ಥನೆ.

ಬಾಳೆಹಣ್ಣು ಮುಗಿದರೂ ತಮ್ಮ ವಿಶ್ವಾಸಿ,
ಪುಟ್ಟರಾಜು

ವಿ.ಸೂ.: ಇದನ್ನು ಓದಿ ಹೇಳಿದರೆ ಚಾಮುಂಡಮ್ಮನವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆ ದಿನ ಅಂಗಳ ಗುಡಿಸುತ್ತ ಪಕ್ಕದಲ್ಲೇ ಇದ್ದರಂತೆ. ಗುರುಗಳು ತಮ್ಮ ಕಿವಿಯಲ್ಲಿ ಪಿಸುಗುಟ್ಟಿದ್ದು ಇಷ್ಟೇ ಅಂತೆ: 'ಇವ್ನು ಒಬ್ನೇ ಉಣ್ದಂಗೆ ನೋಡ್ಕೊ ಕಣ್ಲಾ.' ಇಷ್ಟು ದಿನ ಯಾಕಮ್ಮ ಹೇಳಲಿಲ್ಲ ಎಂದರೆ, 'ಬುದ್ಧಿಯೋರು ಬಸಪ್ಪನ್ನ ಕೇಳು ಅಂದ್ರು, ನನ್ನ ಕೇಳು ಅಂದ್ರಾ?' ಎಂದು ನನ್ನನ್ನೇ ಗದರಿಸಿದರು. ಮೇಲಿನ ದೂರನ್ನು ವಾಪಸು ಪಡೆದಿದ್ದೇನೆ. ಆದರೆ ಗುರುಗಳು ನೋಡಿಕೋ ಅಂದರೇ ಹೊರತು ನನ್ನ ಪಾಲಿನದನ್ನೂ ತಿನ್ನು ಅನ್ನಲಿಲ್ಲ, ಗಮನದಲ್ಲಿರಲಿ. ನಾಳೆ ಅವರೆಕಾಳಿನ ಸಾರು. ತಡ ಮಾಡಬೇಡಿ, ಮುದ್ದೆ ಆರಿಹೋಗುತ್ತದೆ.