ತಾಪೆಗೆ ಬೈದ ಪೊನಿಜಾನ್

“ಇವತ್ತಿಂದ ಈ ಮನೇಲಿ ಯಾರೂ ಯಾವ ಪ್ರಶ್ನೆಗೂ ಉತ್ತರ ಹೇಳಂಗಿಲ್ಲ! ಮಾಡಿ ನೋಡ್ಬೇಕು! ತಿಳೀತಾ?”

ಮಾತೇ ಕಮ್ಮಿಯ ಸೈಕಲ್ ರಿಪೇರಿಯ ಪೊನಿಜಾನ್ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಕಂಡು ಹೆಂಡತಿ ತುಗಿನೆಮ್ ಅವನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಮಗಳು ವಿದೂರಿಯ ಶಾಲೆಯ ಸಭೆಗೆ ಹೋಗಿ ಬಂದಿದ್ದ, ಅಷ್ಟೇ. ‘ಮಕ್ಕಳ ಬಾಯಿಗೆ ಉತ್ತರ ತುರುಕಬೇಡಿ, ಅವರೇ ಕೈಯಾರೆ ಮಾಡಿ ಕಂಡುಕೊಳ್ಳಲಿ’ ಅಂತ ಮೇಡಂ ಹೇಳಿದ್ದರು. ಅರ್ಧಕ್ಕೇ ಶಾಲೆ ಬಿಟ್ಟಿದ್ದ ಪೊನಿಜಾನ್‌ಗೆ ಇದು ಭಾರೀ ಹಿಡಿಸಿತು. ಉತ್ತರ ಗೊತ್ತಿಲ್ಲದವನೂ ಮೇಷ್ಟ್ರಾಗಬಹುದಲ್ಲ!

ತುಗಿನೆಮ್ ಆಗ ಆಚೆ ಬೀದಿಯ ಜುಮಿರಕ್ಕನ ಮಗಳ ಮದುವೆಗೆ ತಾಪೆ ಮಾಡುತ್ತಿದ್ದಳು. ಬೆಂದ ಅಂಟಕ್ಕಿ ಅನ್ನಕ್ಕೆ ಹಸಿರು ಬಣ್ಣ ಕೊಟ್ಟು, ಹೆಪ್ಪಿನ ಪುಡಿ ಉದುರಿಸಿ ಎರಡು ಮೂರು ದಿನ ಮಾಗಿಸಿದರೆ ಸಿಹಿಯಾದ ತಾಪೆ. ಪುಡಿ ಉದುರಿಸಿದಾಗಿಂದ ಮಾಗುವ ತನಕ ಮನೆಮಂದಿಯ ಬಾಯಿಗೆಲ್ಲ ಬೀಗ! ಮಾತಾಡಿದರೆ ತಾಪೆ ಮುನಿಸಿಕೊಂಡು ಹುಳಿಯಾಗುತ್ತದಂತೆ. ಎರಡು ಗಾಜಿನ ಭರಣಿ ತುಂಬಿ, ಬಾಯಿಗೆ ಬಾಳೆಲೆ ಸಡಿಲವಾಗಿ ಕಟ್ಟಿ, ಮದುವೆ ತನಕ ಅಲ್ಲೇ ಉಳಿದು ಅಡುಗೆಗೆ ಕೈ ಸೇರಿಸಲು ಮದುವೆಮನೆಗೆ ಹೊರಟಳು.

“ರೀ, ಮಾಗೋ ತನಕ ಇದರ ಹತ್ರ ಬಾಯಿ ಬಿಟ್ಟೀರಾ, ಜೋಕೆ! ಕೆಟ್ಟೋದ್ರೆ ಜುಮಿರಕ್ಕಂಗೆ ನಾನು ಮುಖ ತೋರ್ಸೋ ಹಂಗಿಲ್ಲ!”

ಅವಳು ಬಾಗಿಲು ದಾಟಿದ್ದೇ ತಡ, ವಿದೂರಿ ಕೇಳಿದಳು: “ಅಪ್ಪಾ, ಅನ್ನಕ್ಕೆ ಕಿವಿ ಎಲ್ಲಿರತ್ತೆ?”

‘ಸುಮ್ನಿರೇ’ ಅನ್ನುವುದು ನಾಲಗೆಯ ತುದಿಗೆ ಬಂದಿತ್ತು. ಪೊನಿಜಾನ್ ಅದನ್ನು ನುಂಗಿದ. “ಮಾಡಿ ನೋಡಣ!”

ಒಂದು ಭರಣಿಗೆ ಬೈಗುಳ, ಇನ್ನೊಂದಕ್ಕೆ ಮೌನ. ಆದರೆ ಒಂದಕ್ಕೆ ಬೈದರೆ ಇನ್ನೊಂದಕ್ಕೂ ಕೇಳಿಸೀತಲ್ಲ! ಮೇಷ್ಟ್ರ ತಲೆ ಓಡಿತು. ಮೌನದ ಭರಣಿಯ ಎಲೆ ಕಿತ್ತು, ಮುಚ್ಚಳ ಬಿಗಿದು, ಮೇಲೆ ಸೈಕಲ್ ಟ್ಯೂಬು ಸುತ್ತಿ, ಕಂಬಳಿ ಹೊದಿಸಿ ಮೂಲೆಗೆ ಕೂರಿಸಿದ. ಇರುವೆ ಕೆಮ್ಮಿದರೂ ಕೇಳಿಸದು!

ಆಮೇಲೆ ಬೈಗುಳದ ಭರಣಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, “ಏನು?” ಅಂದ.

“ಅಪ್ಪಾ, ಅದು ಬೈದಂಗಾಗ್ಲಿಲ್ಲ, ಯೋಗಕ್ಷೇಮ ಕೇಳ್ದಂಗಾಯ್ತು!”

ಮೂರನೇ ದಿನಕ್ಕೆ ನಾಲಗೆ ಪಳಗಿತು. ವರ್ಷಾನುಗಟ್ಟಲೆ ಆಡದೇ ಉಳಿಸಿದ ಮಾತೆಲ್ಲ ಕಟ್ಟೆಯೊಡೆದು ಬಂತು. “ಸೋಮಾರಿ! ತಿಂದು ಕೂತು ಊದ್ಕೋತಿದೀಯ! ಮೈಯೆಲ್ಲ ಬೆವರು, ವಾಸ್ನೆ ಬೇರೆ! ನಿನ್ನ ಕಟ್ಕೊಂಡು ಸಾಕಾಯ್ತು!”

ಪಕ್ಕದ ಮನೆಯವರು ಕಿವಿ ನಿಮಿರಿಸಿದರು. ಮದುವೆಮನೆ ತಲುಪುವ ಹೊತ್ತಿಗೆ ಸುದ್ದಿಗೆ ಒಗ್ಗರಣೆ ಬಿದ್ದಿತ್ತು: ಪೊನಿಜಾನ್ ಮನೆಯೊಳಗೆ ಯಾವಳೋ ಇದ್ದಾಳೆ!

ತುಗಿನೆಮ್ ಹಿಡಿದ ಸೌಟಿನ ಸಮೇತ ಓಡಿ ಬಂದಳು. ಬೆನ್ನಿಗೆ ಜುಮಿರಕ್ಕ, ಮದುವೆಗೆಂದು ಕಟ್ಟಿಸಿಕೊಂಡ ಗೋಪುರದಂಥ ತುರುಬಿನೊಂದಿಗೆ.

“ಎಲ್ರೀ ಅವ್ಳು?”

ಪೊನಿಜಾನ್ ಭರಣಿ ತೋರಿಸಿದ.

“ಇನ್ನೊಬ್ಳು ಕಂಬಳಿ ಒಳಗಿದಾಳಮ್ಮ,” ವಿದೂರಿ ಇದ್ದದ್ದು ಇದ್ದಂತೆ ಹೇಳಿದಳು.

ತುಗಿನೆಮ್ ಕಂಬಳಿ ಸೆಳೆದಳು. ಟ್ಯೂಬು ಕಳಚಿತು. ಢಮಾರ್! ಮುಚ್ಚಳ ಸೂರಿಗೆ ಬಡಿಯಿತು. ಗಾಳಿ ತುಂಬಿ ಉಬ್ಬಿದ್ದ ಅನ್ನ ಹಸಿರು ಮಳೆಯಾಗಿ ಸುರಿದು ನೇರ ಜುಮಿರಕ್ಕನ ಗೋಪುರದ ಮೇಲೆ ನೆಲೆಸಿತು.

ತುಗಿನೆಮ್ ಸೌಟು ಕೆಳಗಿಟ್ಟಳು. “ನಾಳೆ ಜನಕ್ಕೆ ಏನು ಬಡಿಸ್ಲಿ? ಇನ್ನೊಂದನ್ನೂ ಬೈದು ಹುಳಿ ಮಾಡಿಟ್ಟಿದಾರಲ್ಲ!”

ಜುಮಿರಕ್ಕ ಮೂಗಿನ ಮೇಲಿನ ಅನ್ನ ಒರೆಸಿಕೊಂಡು, ಬೈಸಿಕೊಂಡ ಭರಣಿಯ ಎಲೆ ಸರಿಸಿ ಒಂದು ತುತ್ತು ಬಾಯಿಗಿಟ್ಟಳು. ಕಣ್ಣರಳಿತು.

“ಅಯ್ಯೋ ತುಗಿ! ಜೇನು ಕಣೇ ಇದು! ಒಂದೊಂದೇ ಚಮಚ ಬಡಿಸಿದ್ರೆ ನಾಳೆಗೆ ಸಾಕು, ಏಳು!”

ಪೊನಿಜಾನ್ ಎದೆ ಉಬ್ಬಿಸಿದ. “ನೋಡ್ದ್ಯಾ? ಬೈದ್ರೇ ಸಿಹಿ!”

“ಹಂಗನ್ನೋ ಹಂಗಿಲ್ಲಪ್ಪ,” ಎಂದಳು ವಿದೂರಿ. “ನಾವು ಮಾತೂ ಬದ್ಲಾಯ್ಸಿದ್ವಿ, ಮುಚ್ಚಳಾನೂ ಬದ್ಲಾಯ್ಸಿದ್ವಿ. ಯಾವುದರಿಂದ ಏನಾಯ್ತು ಅಂತ ಹೆಂಗೆ ಗೊತ್ತಾಗತ್ತೆ? ಎರಡಕ್ಕೂ ಎಲೇನೇ ಕಟ್ಟಿ, ಮೊದಲಿಂದ ಮಾಡ್ಬೇಕು!”

ಮೇಷ್ಟ್ರ ಎದೆಯ ಗಾಳಿ ಪುಸ್ಸೆಂದಿತು.

ತುಗಿನೆಮ್ ಮಗಳ ತಲೆ ಸವರಿದಳು. “ಮಾಡಣ ಪುಟ್ಟಿ. ಆದ್ರೆ ಈ ಸಲ ಬೈಯೋದು ನಾನು. ನಿಮ್ಮಪ್ಪನ್ನ ಎದುರಿಗೆ ಕೂರಿಸ್ಕೊಂಡು ಅವರಿಗೇ ಬೈತೀನಿ. ಭರಣಿ ಪಕ್ಕದಲ್ಲಿದ್ದು ಕೇಳಿಸ್ಕೊಂಡ್ರೆ ಸಾಕು!”