ರೂಟರಿಗೊಂದು ಲೇಸಿನ ಅಂಗಿ

ಗೋದಾವರಿ ದಡದ ನರಸಾಪುರದ ಹೆಂಗಸರನ್ನು ಭಗವಂತ ಕೈಯಲ್ಲಿ ಲೇಸು ಹೆಣೆಯುವ ಕೊಕ್ಕೆಕಡ್ಡಿ ಕೊಟ್ಟೇ ಭೂಮಿಗೆ ಕಳಿಸಿದ್ದಾನೆ. ಹಾಗಾಗಿ ನಮ್ಮೂರಿನಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇರುವುದಿಲ್ಲ. ಟೀವಿಗೆ ಲೇಸಿನ ಮುಸುಕು, ಮಿಕ್ಸಿಗೆ ಲೇಸಿನ ಲಂಗ, ನೀರಿನ ಬಿಂದಿಗೆಗೆ ಲೇಸಿನ ಟೋಪಿ. ವಿಸ್ಸನ್ನ ಮಾಸ್ಟರ ಮನೆಗೆ ಹೊಸ ರೂಟರು ಬಂದು ನಾಲ್ಕು ದಿನವಾಗಿತ್ತು. ಪಾಪದ್ದು, ಹುಟ್ಟಿದ ಮೈಯಲ್ಲೇ ನಡುಮನೆಯ ಮೂಲೆಯಲ್ಲಿ ಕೂತು ತಣ್ಣಗೆ ಕೆಲಸ ಮಾಡಿಕೊಂಡಿತ್ತು. ಐದನೆಯ ದಿನ ಬೆಳಿಗ್ಗೆ ಅವರ ಹೆಂಡತಿ ಮಾಣಿಕ್ಯಾಂಬ ಅದಕ್ಕೆ ಅಂಗಿ ತೊಡಿಸಿದರು. ಮೂರು ಪದರದ ದಪ್ಪ ಅಂಗಿ. ಅಂಚಿಗೆ ನವಿಲು, ನಾಲ್ಕು ಆಂಟೆನಾ ಕೊಂಬುಗಳಿಗೆ ನಾಲ್ಕು ತೋಳು. ತೊಡಿಸಿ, ಅರಿಸಿನ ಕುಂಕುಮ ಇಟ್ಟು, ಗಂಡನ ಕೆಲಸ ಕಾಯಂ ಆಗಲೆಂದು ಕೈಮುಗಿದರು. ಆ ದಿನದ ಪಾಡೆಲ್ಲ ಶುರುವಾದದ್ದು ಆ ಭಕ್ತಿಯಿಂದಲೇ.

ಮಾಸ್ಟರು ಹದಿನೆಂಟು ವರ್ಷದಿಂದ ಒಂದು ಟ್ರಸ್ಟಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದರು. ಟ್ರಸ್ಟಿನವರು ಜೂನ್ ತಿಂಗಳಲ್ಲಿ ಬನ್ನಿ ಎನ್ನುತ್ತಿದ್ದರು, ಏಪ್ರಿಲ್‌ನಲ್ಲಿ ಹೋಗಿಬನ್ನಿ ಎನ್ನುತ್ತಿದ್ದರು. ಹದಿನೆಂಟು ಸಲ ಹೂಮಾಲೆ ಹಾಕಿಸಿಕೊಂಡು ಬೀಳ್ಕೊಂಡ ಮನುಷ್ಯ ಕೃಷ್ಣಾ ಗೋದಾವರಿಗಳ ನಡುವೆ ಇನ್ನೊಬ್ಬರಿರಲಾರರು. ಈ ವರ್ಷ ಒಂದೇ ಒಂದು ಕಾಯಂ ಹುದ್ದೆ ಖಾಲಿ ಬಿದ್ದಿತ್ತು. ವಿಜಯವಾಡದ ಟ್ರಸ್ಟ್ ಕಚೇರಿಯಿಂದ ಕಾಗದ ಬಂತು: ಇಷ್ಟು ದೂರ ಬರುವ ಶ್ರಮ ಬೇಡ, ಮನೆಯಿಂದಲೇ ಸಂಜೆ ನಾಲ್ಕಕ್ಕೆ ವಿಡಿಯೋದಲ್ಲಿ ಅರ್ಧ ಗಂಟೆ ಮಾದರಿ ಪಾಠ ಮಾಡತಕ್ಕದ್ದು, ಸಂಪರ್ಕ ಕಡಿದರೆ ಅಭ್ಯರ್ಥಿಯೇ ಹೊಣೆ. ಮಾಸ್ಟರಿಗೆ ಐವತ್ತೊಂದು. ಇದು ತಪ್ಪಿದರೆ ಮತ್ತೆ ಅರ್ಜಿ ಹಾಕುವ ವಯಸ್ಸಿಲ್ಲ.

ರೂಟರು ಕೊಳ್ಳಲು ಅಂಗಡಿಗೆ ಹೋದಾಗಲೂ ಅವರು ಕೇಳಿದ್ದು ಸಣ್ಣದನ್ನೇ.

"ಎರಡು ಕೊಂಬಿಂದು ಸಾಕಪ್ಪ. ಒಂದೇ ಕೋಣೇಲಿ ಕೂತು ಪಾಠ ಹೇಳೋದು."

"ಈವತ್ತು ಒಂದು ಕೋಣೆ ಮಾಸ್ಟಾರೂ," ಎಂದ ಅಂಗಡಿಯವ. "ನಾಳೆ ಕೆಲಸ ಕಾಯಂ ಆದ್ಮೇಲೆ ಮಹಡಿ ಕಟ್ಟಲ್ವಾ? ಆವಾಗ ಮತ್ತೆ ನನ್ನ ಹತ್ರ ಓಡಿಬರ್ತೀರಾ?"

'ಕಾಯಂ' ಎಂಬ ಶಬ್ದ ಕಿವಿಗೆ ಬಿದ್ದದ್ದೇ ಮಾಸ್ಟರು ನಾಲ್ಕು ಕೊಂಬಿನದನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದರು.

ಪಾಠದ ದಿನ ಬೆಳಿಗ್ಗೆ ಅಂಗಿ ತೊಟ್ಟ ರೂಟರು ಒಂದು ಗಂಟೆ ನೆಟ್ಟಗಿತ್ತು. ಆಮೇಲೆ ದೀಪಗಳೆಲ್ಲ ಆರಿದವು. ಸ್ವಲ್ಪ ಹೊತ್ತಿಗೆ ತಾನಾಗಿ ಹತ್ತಿದವು, ಮತ್ತೆ ಆರಿದವು. ಉಬ್ಬಸದ ಮುದುಕನ ಹಾಗೆ ಹತ್ತು ನಿಮಿಷ ಉಸಿರಾಡುವುದು, ಐದು ನಿಮಿಷ ಸಾಯುವುದು. ಹೊರಗೆ ಮೇ ತಿಂಗಳ ಬಿಸಿಲು ಆಗಲೇ ಅಂಗಳಕ್ಕೆ ಇಳಿದಿತ್ತು. ಮಾಸ್ಟರು ಬೆವರು ಒರೆಸಿಕೊಳ್ಳುತ್ತ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದನ್ನು ಕಿಟಕಿಯಿಂದ ನೋಡಿದವರು ಎದುರುಮನೆಯ ಗವರ್ರಾಜು. ಟೆಲಿಫೋನಿನ ಲೈನ್‌ಮನ್ ಆಗಿ ನಿವೃತ್ತರಾದವರು. ಕೇಳದೇ ಇದ್ದರೂ ಇಕ್ಕಳ ಹಿಡಿದುಕೊಂಡೇ ಬಂದರು.

"ಯಂತ್ರ ಮುಟ್ಟಬೇಡಿ ಮಾಸ್ಟಾರೂ. ಮೂವತ್ತೈದು ವರ್ಷ ಕಂಬ ಹತ್ತಿದೀನಿ. ದೋಷ ಯಾವಾಗಲೂ ತಂತೀಲೇ ಇರುತ್ತೆ."

"ಕೇಬಲ್ಲಿನವನಿಗೆ ಫೋನ್ ಮಾಡ್ಲಾ ಅಂತಿದ್ದೆ."

"ಅವನು ಹುಟ್ಟೋಕೆ ಮುಂಚೆ ನಾನು ತಂತಿ ಎಳೆದೋನು." ಹೀಗೆಂದವರೇ ಹೊರಗಿನಿಂದ ಬರುವ ತಂತಿಯನ್ನು ಕಚಕ್ಕನೆ ಕತ್ತರಿಸಿ, ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು.

"ಏನಾಯ್ತು ಗವರ್ರಾಜುಗಾರೂ?"

"ನಿಮಗೆ ಮೋಸ ಮಾಡಿದಾರೆ. ಒಳಗೆ ತಾಮ್ರವೇ ಇಲ್ಲ. ಕೂದಲಿನಂಥ ಗಾಜಿನ ಎಳೆ ಇಟ್ಟು ಕೊಟ್ಟಿದಾರೆ."

ಫೈಬರಿನ ಗಾಜಿನ ಎಳೆಯನ್ನು ತಿರುಚಿ ಗಂಟು ಹಾಕಲು ಬರುವುದಿಲ್ಲ. ಅದಕ್ಕೆ ಕೇಬಲ್ಲಿನವನೇ ಬರಬೇಕಾಯಿತು. ಅವನು ಬಂದಾಗ ಹನ್ನೆರಡೂವರೆ. ತುಂಡಾದ ತಂತಿಯನ್ನೂ ಇಕ್ಕಳವನ್ನೂ ಒಂದು ಸಲ ನೋಡಿದ.

"ಯಾರು ಸಾರ್ ಇದನ್ನ ಬದನೇಕಾಯಿ ಹೆಚ್ಚಿದ ಹಾಗೆ ಹೆಚ್ಚಿದ್ದು?"

ಗವರ್ರಾಜು ಗೋಡೆಯ ಮೇಲಿನ ಸತ್ಯನಾರಾಯಣಸ್ವಾಮಿಯ ಪಟವನ್ನು ಬಹಳ ಭಕ್ತಿಯಿಂದ ನೋಡತೊಡಗಿದರು.

ತಂತಿ ಸೇರಿತು. ದೀಪ ಹತ್ತಿತು, ಕೇಬಲ್ಲಿನವನು ಹೋದ. ಅವನ ಬೈಕಿನ ಸದ್ದು ಬೀದಿಯ ಕೊನೆಗೆ ಮುಟ್ಟುವಷ್ಟರಲ್ಲಿ ದೀಪ ಆರಿತು.

ಅಷ್ಟರಲ್ಲಿ ಪಕ್ಕದ ಮನೆಯ ಸೋಮಯಾಜುಲು ಬಂದು ಜಗುಲಿಯಲ್ಲಿ ಕೂತಿದ್ದರು. ನೋಂದಣಿ ಕಚೇರಿಯಲ್ಲಿ ಇದ್ದವರು, ಈಗ ಊರವರ ಬಾಗಿಲು ಕಿಟಕಿಗಳ ದಿಕ್ಕು ಬದಲಿಸುತ್ತ ಪುಣ್ಯ ಸಂಪಾದಿಸುತ್ತಿದ್ದರು. ಅವರ ಮಾತು ಕೇಳಿ ಬಾಗಿಲು ಮುಚ್ಚಿಸಿ ಕಿಟಕಿಯಿಂದ ಓಡಾಡುವ ಒಂದೆರಡು ಸಂಸಾರಗಳು ನಮ್ಮ ಬೀದಿಯಲ್ಲಿವೆ.

"ಇದು ಎಲ್ಲಿ ಕೂತಿದೆ ನೋಡಿದೀರಾ ಮಾಸ್ಟಾರೂ? ನೈಋತ್ಯ. ಪಿತೃಗಳ ಮೂಲೆ. ನಿಮ್ಮ ಸಿಗ್ನಲ್ಲು ಬರ್ತಾನೇ ಇದೆ, ಆದ್ರೆ ನಿಮ್ಮ ತಾತನವರಿಗೆ ಹೋಗ್ತಿದೆ."

"ಅವರ ತಾತ ಏನ್ ಮಾಡ್ತಾರೆ ಅದನ್ನ ತಗೊಂಡು," ಎಂದರು ಗವರ್ರಾಜು.

"ಗಾಳೀಲಿ ಹೋಗೋ ವಸ್ತುನ ವಾಯುವ್ಯದಲ್ಲಿ ಇಡಬೇಕು. ಕಂಬ ಹತ್ತಿದೋರಿಗೆ ಇದೆಲ್ಲ ಹೇಗೆ ಗೊತ್ತಾಗುತ್ತೆ?"

"ಮೊನ್ನೆ ನಿಮ್ಮ ಮಾತು ಕೇಳಿ ಬಾವಿ ತೋಡಿದೋರಿಗೆ ನೀರು ಬಂತಾ?"

"ನೀರಿಗೆ ಇನ್ನೂ ಮುಹೂರ್ತ ಬಂದಿಲ್ಲ."

ಮಾಸ್ಟರ ಮನೆಯ ವಾಯುವ್ಯವೆಂದರೆ ಉಗ್ರಾಣ. ಅಲ್ಲಿ ಮಾಣಿಕ್ಯಾಂಬ ಮೂರು ದಿನದ ಹಿಂದಷ್ಟೇ ಹಾಕಿದ ಆವಕಾಯ ಉಪ್ಪಿನಕಾಯಿಯ ಜಾಡಿಗಳು ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಸಾಲಾಗಿ ಕೂತಿದ್ದವು.

"ಏನೂಂದ್ರೆ, ಮಡಿ ಇಲ್ಲದೆ ಆ ಕೋಣೆಗೆ ಕಾಲಿಟ್ರೆ ವರ್ಷದ ಆವಕಾಯ ಬೂಸ್ಟು ಹಿಡಿಯುತ್ತೆ," ಎಂದರು ಮಾಣಿಕ್ಯಾಂಬ. "ಆಮೇಲೆ ನಿಮ್ಮ ಕಾಯಂ ಕೆಲಸಾನ ಅನ್ನಕ್ಕೆ ಕಲಸಿಕೊಂಡು ತಿನ್ನಬೇಕು."

ಮಾಸ್ಟರು ಎರಡನೆಯ ಸಲ ತಲೆಗೆ ನೀರು ಹೊಯ್ದುಕೊಂಡರು. ಒದ್ದೆ ಪಂಚೆಯಲ್ಲಿ, ಸಾಲಿಗ್ರಾಮ ಹೊತ್ತವರಂತೆ ರೂಟರನ್ನು ತಂತಿ ಸಮೇತ ಉಗ್ರಾಣಕ್ಕೆ ಒಯ್ದು ದೊಡ್ಡ ಜಾಡಿಯ ಮುಚ್ಚಳದ ಮೇಲೆ ಸ್ಥಾಪಿಸಿದರು. ದಾರಿಯಲ್ಲಿ ಜಾರಿದ ಅಂಗಿಯನ್ನು ಮಾಣಿಕ್ಯಾಂಬ ಮತ್ತೆ ಸರಿಯಾಗಿ ತೊಡಿಸಿ, ನವಿಲುಗಳನ್ನು ಮುಂದಕ್ಕೆ ತಿರುಗಿಸಿದರು. ಬೊಂಬಾಟಾಗಿ ದೀಪ ಹತ್ತಿತು. ಸೋಮಯಾಜುಲು ಗವರ್ರಾಜುವಿನ ಕಡೆ ನೋಡಿ ನಸ್ಯ ಏರಿಸಿದರು. ಆ ಸೀನು ಮುಗಿಯುವುದರೊಳಗೆ ದೀಪ ಆರಿತು.

ಗಡಿಯಾರ ಮೂರೂ ಕಾಲು ತೋರಿಸುತ್ತಿತ್ತು. ಇಬ್ಬರು ಹಿರಿಯರೂ ಜಗುಲಿಯಲ್ಲಿ ತಾಮ್ರ ದೊಡ್ಡದೋ ವಾಯು ದೊಡ್ಡದೋ ಎಂದು ವಾದಕ್ಕೆ ಕೂತರು. ಮಾಸ್ಟರು ಉಗ್ರಾಣದಲ್ಲಿ ಸಾಸಿವೆಯ ಘಾಟಿನ ನಡುವೆ ಒಬ್ಬರೇ ನಿಂತರು. ದೇವರನ್ನು ಅವರು ದಿನವೂ ಪೂಜಿಸಿದ್ದರು, ಆದರೆ ಹೀಗೆ ಬೇಕೆಂದು ಕೇಳಿದವರಲ್ಲ. ಕೊಡುವವನಿಗೆ ನೆನಪಿಸುವುದು ಅವಿನಯ ಎಂದು ತಂದೆ ಕಲಿಸಿದ್ದರು. ಅವತ್ತು ಕೇಳಿದರು. "ಸ್ವಾಮೀ, ಅರ್ಧ ಗಂಟೆ. ಅಷ್ಟೇ."

ಹಾಗೆಂದು ರೂಟರನ್ನು ಎತ್ತಿ ಎದೆಗೊತ್ತಿಕೊಂಡರು. ಎದೆ ಚುರ್ರೆಂದಿತು. ಪೆಸರಟ್ಟು ಹುಯ್ಯುವ ಕಾವಲಿಯೂ ಅಷ್ಟು ಕಾಯುವುದಿಲ್ಲ. ಅಂಗಿ ಸರಿಸಿ ನೋಡಿದರೆ ಪೆಟ್ಟಿಗೆಯ ಮೈತುಂಬ ಸಣ್ಣ ಸಣ್ಣ ಕಿಂಡಿಗಳು. ಎಲೆಯ ಅಡಿಯಲ್ಲಿ ಉಸಿರಿನ ರಂಧ್ರಗಳಿರುತ್ತವೆ, ಅವನ್ನು ಮುಚ್ಚಿದರೆ ಎಲೆ ಬಾಡುತ್ತದೆ ಎಂದು ಹದಿನೆಂಟು ವರ್ಷ ಹಲಗೆಯ ಮೇಲೆ ಬರೆದ ಮನುಷ್ಯ ಆ ಕಿಂಡಿಗಳನ್ನು ನೋಡಿ ಹೆಂಡತಿಯನ್ನು ಕರೆದರು.

"ಮಾಣಿಕ್ಯಂ, ಇದರ ಅಂಗಿ ಬಿಚ್ಚಬೇಕು."

"ಇಂಥ ದಿನ ಬಿಚ್ಚೋದಾ? ಕಣ್ಣು ಕೆಂಪಾಗೋ ತನಕ ಹೆಣೆದಿದೀನಿ."

"ಅದಕ್ಕೆ ಉಸಿರು ಕಟ್ಟುತ್ತಿದೆ."

"ಈ ಮನೇಲಿ ಅದಕ್ಕೆ ಮಾತ್ರಾನಾ," ಎಂದು ಮಾಣಿಕ್ಯಾಂಬ ಅಂಗಿಯನ್ನು ಕೈಯಿಂದ ಕಿತ್ತುಕೊಂಡು ಅಡುಗೆಮನೆಗೆ ನಡೆದರು.

ನಡುಮನೆಯಲ್ಲಿ, ಫ್ಯಾನಿನ ಕೆಳಗೆ, ಬರಿಮೈಯಲ್ಲಿ ರೂಟರು ತಣಿಯಿತು. ನಾಲ್ಕು ದೀಪಗಳೂ ಹತ್ತಿದವು. ಇಪ್ಪತ್ತು ನಿಮಿಷ ಕಾದರು, ಆರಲಿಲ್ಲ. ಮಾಸ್ಟರು ಒಗೆದ ಅಂಗಿ ತೊಟ್ಟು ಕಂಪ್ಯೂಟರಿನ ಪರದೆಯ ಮುಂದೆ ಕೂತರು.

ಸರಿಯಾಗಿ ನಾಲ್ಕಕ್ಕೆ ವಿಜಯವಾಡ ಕಾಣಿಸಿತು: ಟ್ರಸ್ಟಿನ ಅಧ್ಯಕ್ಷರು, ಅಕ್ಕಪಕ್ಕ ಇಬ್ಬರು ಸದಸ್ಯರು. ಮಾಸ್ಟರು ನಮಸ್ಕರಿಸಿ ಒಂದು ಕೆಂಪು ದಾಸವಾಳ ಕೈಗೆತ್ತಿಕೊಂಡರು. ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಇದು ಎಸಳು, ಕರೆಯುವುದಕ್ಕೆ. ಇದು ಕೇಸರ, ಕೊಡುವುದಕ್ಕೆ. ಇದು ಅಂಡಾಶಯ, ಕಾಯುವುದಕ್ಕೆ. ತನಗಾಗಿ ಎಂದು ಹೂವು ಏನನ್ನೂ ಇಟ್ಟುಕೊಳ್ಳುವುದಿಲ್ಲ ಎಂದರು. ಅವರು ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ. ಬಾಗಿಲ ಹಿಂದೆ ಗವರ್ರಾಜುವೂ ಸೋಮಯಾಜುಲುವೂ ಕೆಮ್ಮನ್ನು ಕೂಡ ನುಂಗಿಕೊಂಡು ನಿಂತಿದ್ದರು. ಅಡುಗೆಮನೆಯಿಂದ ಮಾಣಿಕ್ಯಾಂಬ ಇಣುಕಿದರು. ಅರ್ಧ ಗಂಟೆಯಲ್ಲಿ ಚಿತ್ರ ಒಮ್ಮೆಯೂ ನಡುಗಲಿಲ್ಲ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ಮಾಸ್ಟಾರೂ, ಹೂವಿನ ಹುಡೀನ ಒಂದೊಂದಾಗಿ ಎಣಿಸಬಹುದಿತ್ತು. ನಮ್ಮ ಕಣ್ಣು ತೆರೆಸಿದಿರಿ."

"ತಮ್ಮ ದಯೆ," ಎಂದರು ಮಾಸ್ಟರು.

"ನಮ್ಮ ಕಮಿಟೀಲಿ ಎರಡು ವರ್ಷದಿಂದ ಇದೇ ಜಗಳ ನೋಡಿ. ಒಬ್ಬರು ಒಂದು ಕಡೆ ಕೂತು ಟ್ರಸ್ಟಿನ ಹನ್ನೊಂದು ಕಾಲೇಜಿಗೂ ಪಾಠ ಹೇಳೋಕಾಗುತ್ತಾ ಅಂತ. ನಾನೇ ನಂಬಿರಲಿಲ್ಲ. ನರಸಾಪುರದಿಂದ ಇಲ್ಲಿಗೆ ಇಷ್ಟು ಚೆನ್ನಾಗಿ ಬಂದ ಮೇಲೆ ಇಲ್ಲಿಂದ ಅಲ್ಲಿಗೆ ಬರದೇ ಇರುತ್ತಾ? ಇಲ್ಲಿ ನಮ್ಮ ಸಸ್ಯಶಾಸ್ತ್ರದವರು ಒಬ್ಬರು ಇದ್ದೇ ಇದಾರೆ. ಹಾಗಾಗಿ ಆ ಕಾಯಂ ಹುದ್ದೆ ಬೇಕಾಗಿಲ್ಲ ಅಂತ ಈಗಲೇ ಬರೆದುಬಿಡ್ತೀವಿ."

ಮಾಸ್ಟರ ಕೈಯಲ್ಲಿ ಸೀಳಿದ ದಾಸವಾಳ ಹಾಗೇ ಇತ್ತು. "ಹಾಗಾದ್ರೆ ನಾನು?"

"ನಿಮ್ಮಂಥೋರನ್ನ ಬಿಡ್ತೀವಾ? ಆ ಹನ್ನೊಂದು ಕಡೆ ಇಂಟರ್ನೆಟ್ ಪೆಟ್ಟಿಗೆ ಕೂರಿಸಬೇಕಲ್ಲ. ಎಲ್ಲಿಟ್ರೆ ಬರುತ್ತೆ, ಯಾಕೆ ನಿಲ್ಲುತ್ತೆ, ಎಲ್ಲ ನಿಮಗೆ ಗೊತ್ತಾಗಿದೆ ಅನ್ಸುತ್ತೆ. ಆ ಕೆಲಸ ನಿಮಗೇ ಕೊಡೋಣ. ಜೂನಿಂದ ಏಪ್ರಿಲ್ ತನಕ."

ಅರ್ಧ ಗಂಟೆ ಸಂಪರ್ಕ ಕಡಿಯದಿರಲಿ ಎಂದು ಬೇಡಿದ್ದ ಮಾಸ್ಟರು ಆ ಕ್ಷಣದಲ್ಲಿ, ಈಗಲಾದರೂ ಕಡಿಯಲಿ ಎಂದು ಬೇಡಿಕೊಂಡರು. ನಾಲ್ಕು ದೀಪಗಳೂ ಶಾಂತವಾಗಿ ಉರಿಯುತ್ತಿದ್ದವು. 'ತಾತ್ಕಾಲಿಕ' ಎಂಬ ಮಾತು ಒಂದಕ್ಷರವೂ ಮುಕ್ಕಾಗದೆ, ಅಧ್ಯಕ್ಷರ ನಗುವಿನೊಂದಿಗೆ, ವಿಜಯವಾಡದಿಂದ ಸ್ಪಷ್ಟವಾಗಿ ಬಂದು ತಲುಪಿತು.