ಬೊಂಬಾಯಿಯ ಪುಕ್ಕಟೆ ಡಬ್ಬಿ

ಪುಕ್ಕಟೆಯಾಗಿ ಸಿಗುವ ವಸ್ತುವನ್ನು ಕಂಡರೆ ನನಗೆ ಈಗ ಮೈ ನಡುಗುತ್ತದೆ. ನೆಂಟರ ಮನೆಯಲ್ಲಿ ಇನ್ನೊಂದು ಹೋಳಿಗೆ ಬಡಿಸಲು ಬಂದರೂ, ಇದರ ಬಿಲ್ಲು ಎಂದು ಬರುತ್ತದೋ ಎಂದು ಒಂದು ಗಳಿಗೆ ಯೋಚಿಸಿ, ಆಮೇಲೆ ಎಲೆಗೆ ಅಡ್ಡ ಹಿಡಿದ ಕೈ ತೆಗೆಯುತ್ತೇನೆ. ಹುಟ್ಟಿನಿಂದ ನಾನು ಹೀಗಿರಲಿಲ್ಲ. ದುಡ್ಡು ಕೊಟ್ಟು ತಂದದ್ದಕ್ಕಿಂತ ಸುಮ್ಮನೆ ಬಂದದ್ದೇ ಹೆಚ್ಚು ರುಚಿ ಎಂದು ನಂಬಿದ್ದ ಮನುಷ್ಯ ನಾನು. ಸಂತೆಯಲ್ಲಿ ರುಚಿ ನೋಡುವ ನೆಪದಿಂದ ಸಾಲಾಗಿ ಎಲ್ಲ ಅಂಗಡಿಗಳ ಕಡಲೆಕಾಯಿ ತಿಂದು, ಕೊನೆಯ ಅಂಗಡಿಯವನಿಗೆ ‘ಯಾಕೋ ಹುರಿದದ್ದು ಸಾಲದು’ ಎಂದು ಬುದ್ಧಿ ಹೇಳಿ ಬರುತ್ತಿದ್ದೆ. ಅಂಥವನನ್ನು ಈ ಸ್ಥಿತಿಗೆ ತಂದದ್ದು ಬೊಂಬಾಯಿಯ ಒಂದು ಕಂಪನಿ. ಅದರ ಹೆಸರು ಇಲ್ಲಿ ಬೇಡ.

ಆಗ ಕೊಡಗು ತಾನೇ ಒಂದು ರಾಜ್ಯವಾಗಿತ್ತು. ನಾನು ಮಾದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ ಬರೆಯುವುದು, ಪಿಕಿಂಗ್ ಕಾಲದಲ್ಲಿ ಹಣ್ಣು ಅಳೆಸುವುದು, ಉಳಿದ ಕಾಲದಲ್ಲಿ ಸಾಹುಕಾರರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು, ಇಷ್ಟೇ ನನ್ನ ಕೆಲಸ. ನಮ್ಮ ಸಾಹುಕಾರರು ಬಹಳ ಒಳ್ಳೆಯವರು. ಸಾಲ ತಪ್ಪಿಸಿಕೊಂಡು ಓಡಿಹೋದ ಆಳು ವಾಪಸು ಬಂದರೂ ಬೈದು, ಆಳುಗಳ ಲೈನುಮನೆಯಲ್ಲಿ ಜಾಗ ಕೊಡುತ್ತಿದ್ದರು. ಆದರೆ ಕಾಫಿಯ ವಿಷಯಕ್ಕೆ ಬಂದರೆ ಅವರು ಬೇರೆಯೇ ಮನುಷ್ಯ. ಬಂಗಲೆಯ ಅಡಿಗೆಯವನೊಬ್ಬ ಪುಡಿಗೆ ಚಿಕೋರಿ ಬೆರೆಸಿದ್ದಕ್ಕೆ, ಮಧ್ಯಾಹ್ನದ ಊಟ ಬೇಯುವಷ್ಟೂ ಪುರಸೊತ್ತು ಕೊಡದೆ ಅವನನ್ನು ಕಳಿಸಿಬಿಟ್ಟರು. ಆ ದಿನ ಅವರು ಉಪವಾಸವಿದ್ದರು, ಆದರೆ ಸಂತೋಷವಾಗಿದ್ದರು.

ಇಂಥವರ ಎಸ್ಟೇಟಿನಲ್ಲಿ ಕೂತು ನಾನು ಮಾಡಿದ ಕೆಲಸ ಕೇಳಿ. ನನಗೆ ಎದೆಯುರಿ ಇತ್ತು. ಬಂಗಲೆಯವರು ಓದಿ ಮುಗಿಸಿದ ಪತ್ರಿಕೆ ಮಾರನೆಯ ದಿನ ನನ್ನ ಪಾಲಿಗೆ ಬರುತ್ತಿತ್ತು. ಅದರಲ್ಲಿ ಒಂದು ಜಾಹೀರಾತು: ಹುರಿದ ಧಾನ್ಯಗಳಿಂದ ಮಾಡಿದ ಪಾನೀಯ, ಕಾಫಿಯ ರುಚಿ ಉಂಟು, ಕಾಫಿಯ ಕೆಡುಕಿಲ್ಲ, ಎದೆಯುರಿ, ನಿದ್ರಾಹೀನತೆ, ಮುಂಗೋಪ ಮೂರಕ್ಕೂ ಪರಿಹಾರ. ಕೂಪನ್ ಕತ್ತರಿಸಿ ಕಳಿಸಿದರೆ ಒಂದು ಡಬ್ಬಿ ಪುಕ್ಕಟೆ. ಹಿಡಿಸದಿದ್ದರೆ ಹದಿನೈದು ದಿನದೊಳಗೆ ಡಬ್ಬಿ ಹಿಂತಿರುಗಿಸಿದರೆ ಸಾಕು. ನಾನು ಓದಿದ್ದು ‘ಪುಕ್ಕಟೆ’ ಎಂಬಲ್ಲಿಯವರೆಗೆ. ಉಳಿದದ್ದನ್ನು ಓದಿದವಳು ನನ್ನ ಹೆಂಡತಿ ಸಾವಿತ್ರಿ.

ಡಬ್ಬಿ ಬಂತು. ಬಂಗಲೆಗೆ ಹೋಗುವ ಟಪ್ಪಾಲು ಚೀಲದಲ್ಲಿ ಹಿಡಿಯದ ಪಾರ್ಸಲನ್ನು ಟಪ್ಪಾಲಿನ ಮೂಸಾ ಕೈಯಲ್ಲೇ ಹಿಡಿದು ತರುತ್ತಿದ್ದುದರಿಂದ ಅದು ಬಂಗಲೆಗೆ ಹೋಗದೆ ನೇರ ನನ್ನ ಮನೆಗೆ ಬಂದದ್ದು ಪುಣ್ಯ. ಸಾವಿತ್ರಿ ಕಾಸಿ ಕೊಟ್ಟಳು. ಸೀದ ರಾಗಿ ರೊಟ್ಟಿಯನ್ನು ನೆನೆಸಿ ಹಿಂಡಿದಂತಿತ್ತು. ಒಂದೇ ಗುಟುಕಿಗೆ, ಇದಕ್ಕಿಂತ ಎದೆಯುರಿಯೇ ವಾಸಿ ಅನ್ನಿಸಿತು. ಡಬ್ಬಿ ಹಿಂತಿರುಗಿಸಬೇಕೆಂಬ ಷರತ್ತನ್ನು ಸಾವಿತ್ರಿ ಆಗ ಓದಿ ಹೇಳಿದಳು. ಡಬ್ಬಿಯನ್ನು ಖಾಲಿ ಮಾಡಿ ಬೊಂಬಾಯಿಗೆ ಕಳಿಸಿಬಿಡು ಎಂದು ಹೇಳಿ ನಾನು ಪಿಕಿಂಗಿಗೆ ಹೋದೆ. ಸಂಜೆ ಬರುವಷ್ಟರಲ್ಲಿ ಅವಳು ಬಟ್ಟೆ ಹೊಲಿದು, ಅರಗು ಹಾಕಿ, ಮೂಸಾನ ಕೈಯಲ್ಲಿ ಕಳಿಸಿಯೂ ಆಗಿತ್ತು. ಕಳಿಸಿದ್ದು ಹೇಗೆ ಎಂದು ಕೇಳಿದ್ದಕ್ಕೆ, ಡಬ್ಬಿ ತೊಳೆದು ಒರೆಸಿ, ಅದರ ತುಂಬಾ ನಮ್ಮ ಎಸ್ಟೇಟಿನ ಕಾಫಿ ಪುಡಿ ತುಂಬಿಸಿ ಕಳಿಸಿದೆ ಎಂದಳು.

“ಅಲ್ಲ ಕಣೆ, ಅವ್ರು ಕೇಳಿದ್ದು ಡಬ್ಬಿ ಮಾತ್ರ” ಎಂದೆ.

“ಬರೀ ಡಬ್ಬಿ ಹೆಂಗ್ರೀ ಕಳ್ಸದು? ಮನೆಗ್ ಬಂದಿದ್ ಪಾತ್ರೆನ ಯಾರಾದ್ರೂ ಬರಿದು ವಾಪಸ್ ಕೊಡ್ತಾರಾ? ಬೊಂಬಾಯಿಯೋರು ನಮ್ಮನ್ನ ಏನಂತ ತಿಳ್ಕಂತಾರೆ?”

ಅವಳು ಕೊಡ್ಲಿಪೇಟೆಯ ಕಡೆಯವಳು. ಪಕ್ಕದ ಮನೆಯಿಂದ ಸಾರು ಬಂದ ಬಟ್ಟಲು ಅವರ ಮನೆಯಲ್ಲಿ ಒಂದು ಹಿಡಿ ಸಕ್ಕರೆಯನ್ನಾದರೂ ಹೊತ್ತುಕೊಂಡೇ ವಾಪಸು ಹೋಗಬೇಕು. ನಮ್ಮ ಮನೆಯಲ್ಲೂ ಅದೇ ಪದ್ಧತಿ ಎಂದು ನಾನೂ ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ, ಕಾಫಿ ಎಂದರೇನೆಂದು ಆ ಜನಕ್ಕೆ ಗೊತ್ತಾಗಲಿ ಎಂದು ಸ್ವಲ್ಪ ಹೆಮ್ಮೆಯೂ ಆಯಿತು.

ಬೊಂಬಾಯಿಯವರಿಗೆ ಗೊತ್ತಾಗಲಿಲ್ಲ. ಅವರ ಇಂಗ್ಲಿಷ್ ಕಾಗದದ ಸಾರಾಂಶ ಇದು: ತಾವು ತುಂಬಿದ ಡಬ್ಬಿಯನ್ನೇ ಹಿಂತಿರುಗಿಸಿದ್ದೀರಿ. ಪರೀಕ್ಷಿಸಲಾಗಿ, ತಮ್ಮ ಅಜಾಗರೂಕತೆಯಿಂದ ನಮ್ಮ ಪುಡಿ ತೇವಕ್ಕೆ ಸಿಕ್ಕಿ, ಕಪ್ಪಾಗಿ, ಕಹಿಯಾಗಿ, ಒಂದು ಬಗೆಯ ನಾತ ಹಿಡಿದಿದೆ. ಕೆಟ್ಟ ಮಾಲಿನ ಬಿಲ್ಲು ಇದರೊಂದಿಗಿದೆ. ತಾವು ಸರಿಯಾದ ಅಭಿಪ್ರಾಯಕ್ಕೆ ಬರಲೆಂದು ಹೊಸ ಡಬ್ಬಿ ಕಳಿಸಿದ್ದೇವೆ.

ಎರಡನೆಯ ಡಬ್ಬಿಯನ್ನು ಸಾವಿತ್ರಿಗೆ ಕಾಣದಂತೆ ನಾನೇ ಖಾಲಿ ಮಾಡಿ, ತಲೆಕೆಳಗು ಮಾಡಿ ಕುಟ್ಟಿ, ಒಂದು ಕಣವೂ ಇಲ್ಲವೆಂದು ನೋಡಿ ಕಳಿಸಿದೆ. ಕಂಪನಿಯವರಿಗೆ ಪರಮಾನಂದವಾಯಿತು. ಇಷ್ಟು ಬೇಗ, ಇಷ್ಟು ಚೊಕ್ಕಟವಾಗಿ ಡಬ್ಬಿ ಖಾಲಿ ಮಾಡಿದ ಗಿರಾಕಿ ಅಪರೂಪವೆಂದು ಹೊಗಳಿ, ಬಿಲ್ಲಿನ ಜೊತೆಗೆ ಸಂಸಾರಸ್ಥರಿಗೆಂದೇ ಮಾಡಿದ ದೊಡ್ಡ ಡಬ್ಬಿ ಕಳಿಸಿದರು. ತುಂಬಿಸಿ ಕಳಿಸಿದರೆ ಕೆಡಿಸಿದ್ದೀರಿ, ಖಾಲಿ ಕಳಿಸಿದರೆ ಮೆಚ್ಚಿದ್ದೀರಿ. ಇಂಥವರ ಹತ್ತಿರ ಮನುಷ್ಯ ಏನೆಂದು ವಾದ ಮಾಡಬೇಕು? ಸೋಮವಾರಪೇಟೆಯ ಪರಿಚಿತ ವಕೀಲರನ್ನು ಕೇಳಿದೆ. ನಮ್ಮ ಸರಕಾರ ಮಡಿಕೇರಿಯಲ್ಲೇ ಇದ್ದರೂ ಅದರ ಕೈ ಗಡಿಯ ಮಾಕುಟ್ಟದ ಗೇಟು ದಾಟುವುದಿಲ್ಲ, ಕಂಪನಿ ಇರುವುದು ಬೊಂಬಾಯಿಯಲ್ಲಿ, ಕಾಗದ ಬರೆದು ನೋಡಿ ಎಂದರು. ಬರೆದೆ. ನನ್ನ ಒಂದೊಂದು ಕಾಗದಕ್ಕೂ ಒಂದೊಂದು ಡಬ್ಬಿ ಉತ್ತರವಾಗಿ ಬಂತು. “ರೈಟರೆ, ನಿಮ್ದು ಡಬ್ಬಿ ಪಿನ್ನೆಯೂ ಬಂತು, ಇನ್ನೊಂದು” ಎಂದು ಮೂಸಾ ದೂರದಿಂದಲೇ ಕೂಗಿದರೆ ಸಾಕು, ನನ್ನ ಎದೆಯುರಿ ಗಂಟಲಿಗೆ ಬರುತ್ತಿತ್ತು.

ಮಂಚದ ಕೆಳಗೆ ಡಬ್ಬಿ, ಅಟ್ಟದ ಮೇಲೆ ಡಬ್ಬಿ, ಸೌದೆಯ ಹಿಂದೆ ಡಬ್ಬಿ. ಬಂದವರಿಗೆ ಕಾಸಿ ಕೊಡುವಂತಿಲ್ಲ, ಸುದ್ದಿ ಬಂಗಲೆಗೆ ಹೋಗುತ್ತದೆ. ಚೆಲ್ಲೋಣವೆಂದರೆ ಸಾವಿತ್ರಿ ಬಿಡುವುದಿಲ್ಲ. ಬಿಲ್ಲು ಬಂದಿರುವ ಪದಾರ್ಥವನ್ನು ತಿಪ್ಪೆಗೆ ಹಾಕುವ ಮನೆ ಉದ್ಧಾರವಾಗುವುದಿಲ್ಲ ಎಂದು ಅವಳ ವಾದ. ಅವಳು ಕುಡಿಯುವುದಿಲ್ಲ, ಮಕ್ಕಳು ಮುಟ್ಟುವುದಿಲ್ಲ. ಉಳಿದವನು ನಾನೊಬ್ಬ. ಕೂಪನ್ ಕತ್ತರಿಸಿದವನೇ ಕುಡಿಯಲಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕುಡಿದೆ. ಸುತ್ತ ಕಣ್ಣು ಹಾಯುವಷ್ಟು ದೂರ ಕಾಫಿ ಹೂ ಬಿಟ್ಟು ಘಮಘಮಿಸುವಾಗ, ಅದರ ನಡುವಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ನಾನು ಸೀದ ರಾಗಿಯ ನೀರು ಕುಡಿಯುತ್ತಿದ್ದೆ. ಅಷ್ಟು ಬೇಸರ ನನಗೆ ಬದುಕಿನಲ್ಲಿ ಮತ್ತೆಂದೂ ಆಗಿಲ್ಲ.

ಕೊನೆಗೆ ಒಂದು ದಿನ, ಲಕೋಟೆ ದಂಡವೆಂದು ಕಂಡಿತೋ ಏನೋ, ಕಂಪನಿಯವರು ಕಡೆಯ ಎಚ್ಚರಿಕೆಯನ್ನು ಬರಿಯ ಕಾರ್ಡಿನಲ್ಲಿ ಬರೆದರು. ಟಪ್ಪಾಲು ಚೀಲದ ಬೀಗ ತೆಗೆಯುವವರು ಸಾಹುಕಾರರೇ. ಕಪ್ಪು, ಕಹಿ, ನಾತ ಎಲ್ಲವನ್ನೂ ಅವರು ಓದಿದರು. ಬಂಗಲೆಯಿಂದ ಕರೆ ಬಂತು. ಮನೆಯಲ್ಲಿದ್ದ ಡಬ್ಬಿಯೊಂದನ್ನು ತರಬೇಕಂತೆ. ಕೆಲಸ ಹೋದರೆ ಕ್ವಾರ್ಟರ್ಸ್ ಹೋಗುತ್ತದೆ, ಕ್ವಾರ್ಟರ್ಸ್ ಹೋದರೆ ಮಕ್ಕಳ ಶಾಲೆ. ಈ ವಯಸ್ಸಿನಲ್ಲಿ ಇನ್ನೊಂದು ಎಸ್ಟೇಟಿನ ಬಾಗಿಲಲ್ಲಿ ನಿಂತು, ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದರೆ ಏನು ಹೇಳಲಿ? ಸಾವಿತ್ರಿ ಆ ಭಯದಲ್ಲೂ ಡಬ್ಬಿಯನ್ನು ಒರೆಸಿಯೇ ಕೊಟ್ಟಳು.

ನಡೆದದ್ದನ್ನೆಲ್ಲ ಹೇಳಿದೆ. ಆಶ್ಚರ್ಯವೆಂದರೆ ಸಾಹುಕಾರರ ಕೋಪ ನನ್ನ ಮೇಲಿರಲಿಲ್ಲ. ತಮ್ಮ ಕಾಫಿಯನ್ನು ಕೆಟ್ಟ ಪುಡಿಯೆಂದು ಬರೆದವರ ಮೇಲಿತ್ತು. ಎದೆಯುರಿಗೆ ಕುಡಿದಿರಿ, ತಪ್ಪಲ್ಲ ಎಂದುಬಿಟ್ಟರು. ಮಡಿಕೇರಿಯ ದೊಡ್ಡ ವಕೀಲರಿಂದ ನೋಟೀಸು ಕೊಡಿಸುತ್ತೇನೆ, ನೀವು ಒಂದು ಕಾಸೂ ಕೊಡಬೇಡಿ ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಆದರೆ ನೋಟೀಸಿನಲ್ಲಿ ಒಂದು ಮಾತು ಸೇರಿಸಬೇಕಂತೆ: ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರೆ ತಮ್ಮ ರೈಟರ್ ಕೂಡ ವ್ಯತ್ಯಾಸ ಹೇಳಬಲ್ಲ, ಕಂಪನಿಗೆ ಅಷ್ಟೂ ನಾಲಗೆ ಇಲ್ಲ ಎಂದು. ಸುಳ್ಳು ಬರೆಯುವ ಮನುಷ್ಯರಲ್ಲ ಅವರು. ಒಳಗೆ ಹೇಳಿ ಎರಡು ಲೋಟ ಮಾಡಿಸಿದರು. ಒಂದರಲ್ಲಿ ನಮ್ಮ ಕಾಫಿ, ಒಂದರಲ್ಲಿ ಡಬ್ಬಿಯದು. ಎರಡಕ್ಕೂ ಬೆಲ್ಲ.

ಕಣ್ಣು ಮುಚ್ಚಿದೆ. ಮೊದಲನೆಯದು ಕಹಿಯಾಗಿ, ಘಾಟಾಗಿ ನಾಲಗೆಯನ್ನು ಹಿಡಿಯಿತು. ಮುಖ ತಾನಾಗಿ ಕಿವುಚಿಕೊಂಡಿತು. ಎರಡನೆಯದು ಹಿತವಾಗಿ, ಪರಿಚಯದವರು ಮಾತಾಡಿಸಿದಂತೆ ಗಂಟಲಿಗಿಳಿಯಿತು. ಇನ್ನೊಂದು ಗುಟುಕು ಕುಡಿದೆ. “ಇದೇ ನಮ್ಮದು ಸಾಹುಕಾರ್ರೇ, ಸಂಶಯವೇ ಇಲ್ಲ” ಎಂದೆ.

ಕಣ್ಣು ತೆರೆದೆ. ಸಾಹುಕಾರರು ತೋಟದ ಕಡೆ ನೋಡುತ್ತಿದ್ದರು. ಆಮೇಲೆ ಮೇಜಿನ ಮೇಲಿದ್ದ ಕಾರ್ಡನ್ನು ನನ್ನ ಕಡೆ ಸರಿಸಿದರು.

“ಅವರ ಬಿಲ್ಲು ಸರಿಯಾಗೇ ಉಂಟು ರೈಟರೇ” ಎಂದರು. “ಕೊಟ್ಟುಬಿಡಿ.”

ಕೆಲಸದಿಂದ ತೆಗೆಯಲಿಲ್ಲ. ಆದರೆ ಅಂದಿನಿಂದ ಬಂಗಲೆಯ ಜಗಲಿಯಲ್ಲಿ ಎಲ್ಲರಿಗೂ ಕಾಫಿ ಬಂದರೆ ನನಗೆ ಮಾತ್ರ ಒಂದು ಲೋಟ ಬಿಸಿನೀರು ಬರುತ್ತಿತ್ತು. ಬಿಲ್ಲನ್ನೆಲ್ಲ ಚುಕ್ತಾ ಮಾಡಿದ ಮೇಲೆ ಕಂಪನಿಯವರೂ ನನ್ನನ್ನು ಮರೆತರು, ಡಬ್ಬಿ ಬರುವುದು ನಿಂತಿತು. ಸಾವಿತ್ರಿ ದೇವರಿಗೆ ಕಾಯಿ ಒಡೆದಳು. ಮನೆಯಲ್ಲಿದ್ದ ಪುಡಿ ಮುಗಿಯುವವರೆಗೆ ನಾನೂ ಧೈರ್ಯವಾಗಿಯೇ ಇದ್ದೆ. ಆಮೇಲೆ ಕೆಲವು ದಿನ ಹೇಗೋ ತಡೆದುಕೊಂಡೆ. ಕೊನೆಗೆ ಮೂಸಾನ ಕೈಯಲ್ಲಿ ಗುಟ್ಟಾಗಿ ಬೊಂಬಾಯಿಗೆ ಮನಿಯಾರ್ಡರು ಕಳಿಸಿದೆ, ಸಂಸಾರಸ್ಥರ ದೊಡ್ಡ ಡಬ್ಬಿಗೆ.